ಪಟ್ಟಿಯಲ್ಲಿ ಹೆಸರಿಲ್ಲ ಅಂತ ಮುನಿಸಿಕೊಂಡ ಅಳಿಯನಿಗೆ

ಚಿ. ಪ್ರಣವನಿಗೆ ಸೋದರಮಾವನ ಆಶೀರ್ವಾದಗಳು. ಅಟ್ಲಾಂಟಾದಲ್ಲಿ ನಾವೆಲ್ಲ ಕ್ಷೇಮ. ಓದೋದು ಕಷ್ಟವಾದ ಕಡೆ ಅಮ್ಮನ ಹತ್ತಿರ ಓದಿಸಿಕೋ. ಕೊನೇ ಪ್ಯಾರಾ ಮಾತ್ರ ನೀನೇ ಓದು.

ನಿಮ್ಮ ಬೇಸ್‌ಬಾಲ್ ಕಾನ್ಫರೆನ್ಸಿನ, ಅಂದರೆ ನಿಮ್ಮ ತಂಡ ಆಡುವ ಗುಂಪಿನ, ಪ್ರಶಸ್ತಿ ಪಟ್ಟಿ ಬಂತಂತೆ. ಅದರಲ್ಲಿ ನಿನ್ನ ಹೆಸರಿಲ್ಲವಂತೆ. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲವಂತೆ. ಅನ್ನದ ಮೇಲೆ ಯಾಕೋ ಸಿಟ್ಟು?

ಈ ಪ್ರಶಸ್ತಿಗೆ ವೋಟು ಹೇಗೆ ಬೀಳುತ್ತೆ ಅಂತ ಯೋಚಿಸಿದ್ದೀಯಾ? ಕಾಲೇಜು ತಂಡಗಳ ದೊಡ್ಡ ಕಾನ್ಫರೆನ್ಸ್ ಎಸ್‌ಇಸಿಯನ್ನೇ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ತಗೋ. ವೋಟು ಹಾಕುವವರು ಕೋಚ್‌ಗಳು. ತಮ್ಮ ಹುಡುಗರಿಗೆ ಹಾಕುವಂತಿಲ್ಲ. ಈಗ ಅಲ್ಲಿ 16 ತಂಡಗಳಿವೆ. ಒಂದು ತಂಡ ಹತ್ತು ವಾರ, ವಾರಕ್ಕೊಂದು ತಂಡದ ಜೊತೆ ಮೂರರಂತೆ 30 ಪಂದ್ಯ ಆಡುತ್ತದೆ. ಅಂದರೆ ಐದು ತಂಡಗಳ ಮುಖವನ್ನೇ ಆ ಕಾನ್ಫರೆನ್ಸ್ ಪಂದ್ಯಗಳಲ್ಲಿ ನೋಡುವುದಿಲ್ಲ. ನೋಡಿದವರೂ ನೋಡಿದ್ದು ಮೂರೇ ಪಂದ್ಯ. ಆ ವಾರ ನಿನಗೆ ಜ್ವರ ಬಂದಿದ್ದರೆ, ಅವರ ಕಣ್ಣಲ್ಲಿ ನೀನು ವರ್ಷವಿಡೀ ಜ್ವರದ ಹುಡುಗ. ಅನ್ಯಾಯ ಅಂತ ನಾನು ಹೇಳಲ್ಲ. ರನ್, ಹಿಟ್‌ಗಳ ಲೆಕ್ಕ ಎಲ್ಲರ ಹತ್ತಿರವೂ ಇರುತ್ತೆ. ಆದರೂ ಕಣ್ಣಾರೆ ಕಂಡದ್ದನ್ನೇ ಜನ ಜಾಸ್ತಿ ನಂಬೋದು, ಅಲ್ವಾ?

ಚಾರ್ಲಿ ಕಾಂಡನ್ ಗೊತ್ತಲ್ಲ, ನಮ್ಮ ಪಕ್ಕದೂರು ಮರಿಯೆಟ್ಟಾದ ಹುಡುಗ. ಜಾರ್ಜಿಯಾ ಯೂನಿವರ್ಸಿಟಿಗೆ ವಾಕ್-ಆನ್ ಆಗಿ, ಅಂದರೆ ಆಟದ ಸ್ಕಾಲರ್‌ಶಿಪ್ ಇಲ್ಲದೆ, ಸೇರಿದ. 2022ರ ಸೀಸನ್ ಪೂರ್ತಿ ರೆಡ್‌ಶರ್ಟ್, ಅಂದರೆ ತಂಡದಲ್ಲಿದ್ದರೂ ಪಂದ್ಯ ಆಡಲಿಲ್ಲ. 2023ರಲ್ಲಿ 25 ಹೋಮ್ ರನ್ (ನಮ್ಮ ಸಿಕ್ಸರ್ ಥರ), ಎಸ್‌ಇಸಿಯ ಫ್ರೆಶ್‌ಮನ್ ಆಫ್ ದಿ ಇಯರ್, ಅಂದರೆ ವರ್ಷದ ಹೊಸ ಆಟಗಾರ. 2024ರಲ್ಲಿ 37 ಹೋಮ್ ರನ್, .433 ಬ್ಯಾಟಿಂಗ್ ಸರಾಸರಿ, ಪ್ಲೇಯರ್ ಆಫ್ ದಿ ಇಯರ್. ಆ ವರ್ಷ ಅವರ ಮೈದಾನಕ್ಕೆ, ಇಲ್ಲಿನ ಅಥೆನ್ಸ್‌ನ ಫೋಲಿ ಫೀಲ್ಡ್‌ಗೆ, ಹೋಗಿ ನೋಡಿದ್ದೆ. ಅವನು ಬ್ಯಾಟಿಗೆ ಬಂದಾಗ ಪಾಪ್‌ಕಾರ್ನ್ ತಿನ್ನುತ್ತಿದ್ದವರ ಕೈ ಅಲ್ಲೇ ನಿಲ್ಲುತ್ತಿತ್ತು. ಇಷ್ಟಾದರೂ ಸೂಪರ್ ರೀಜನಲ್ ಸುತ್ತಿನಲ್ಲಿ ಜಾರ್ಜಿಯಾ ತನ್ನ ಅಂಗಳದಲ್ಲೇ ಎನ್‌ಸಿ ಸ್ಟೇಟ್ (ನಾರ್ತ್ ಕ್ಯಾರೊಲಿನಾ ಸ್ಟೇಟ್) ತಂಡಕ್ಕೆ ಸೋತಿತು, ಒಮಾಹಾದಲ್ಲಿ ನಡೆಯುವ ಕೊನೇ ಸುತ್ತು ತಪ್ಪಿತು. ನನಗೆ ಅವನ ಪ್ರಶಸ್ತಿಗಿಂತ ಆ 2022ರ ಮೇಲೆಯೇ ಕುತೂಹಲ. ದಿನಾ ಪ್ರಾಕ್ಟೀಸ್ ಮಾಡೋದು, ಪಂದ್ಯದ ದಿನ ಸುಮ್ನೆ ಕೂತು ನೋಡೋದು. ಆಗ ಅವನ ಹೆಸರು ಯಾವ ಪಟ್ಟಿಯಲ್ಲಿತ್ತು ಹೇಳು?

ನಾನು ಮೈಸೂರಿನ ಗಲ್ಲಿ ಕ್ರಿಕೆಟ್ ಗಿರಾಕಿ. ಬ್ಯಾಟ್ ಬಿಸಾಕಿ ಓಡುವುದನ್ನು ಒಪ್ಪಿಕೊಳ್ಳಲಿಕ್ಕೇ ನನಗೆ ಎರಡು ವರ್ಷ ಬೇಕಾಯಿತು. ಅಂಥ ನನಗೇ, ತಿರುಗಿ ಹೊರಗೆ ಹೋಗುವ ಸ್ಲೈಡರ್ ಎಸೆತಕ್ಕೆ ನೀನು ಬ್ಯಾಟ್ ಬೀಸುವುದು ಕಾಣುತ್ತೆ. ಎದುರು ತಂಡದ ಕೋಚ್‌ಗೆ ಕಾಣದೆ ಇರುತ್ತಾ? ಬೇಸಿಗೆ ಲೀಗ್‌ನಲ್ಲಿ ಅದೊಂದನ್ನು ಸರಿಮಾಡಿಕೋ. ಮತ್ತೆ, ನಿಮ್ಮ ತಂಡದಲ್ಲಿ ಶಾರ್ಟ್‌ಸ್ಟಾಪ್ ಜಾಗದಲ್ಲಿ ಫೀಲ್ಡಿಂಗ್ ಮಾಡುವ ಹುಡುಗನಿಗೆ ಪ್ರಶಸ್ತಿ ಬಂದಿದೆಯಂತೆ. ಅವನಿಗೆ ಇನ್ನೂ ಕಂಗ್ರಾಟ್ಸ್ ಹೇಳಿಲ್ಲ ಅಂತಲೂ ಕೇಳಿದೆ. ಮೆಸೇಜ್ ಸಾಲದು, ಎದುರಿಗೆ ಹೋಗಿ ಕೈಕುಲುಕು.

ಇದು ನಿನಗೆ ಮಾತ್ರ. ನಿನ್ನ ಅಮ್ಮ ನಿಮ್ಮ ಕೋಚ್‌ಗೆ ಉದ್ದದ ಇಮೇಲ್ ಬರೆದು ಇಟ್ಟುಕೊಂಡಿದ್ದಾಳೆ. ನನಗೆ ಓದಿ ಹೇಳಿದಳು, ಎರಡು ಪುಟ ಇದೆ. ನಿಮ್ಮ ಕಾನ್ಫರೆನ್ಸಿನಲ್ಲೂ ಕೋಚ್ ತನ್ನ ಹುಡುಗನಿಗೆ ವೋಟು ಹಾಕುವಂತಿಲ್ಲ ಅಂತ ನೀನೇ ಹೇಳಿದ್ದೆ. ಅದನ್ನು ಅವಳಿಗೆ ಈವತ್ತೇ ಹೇಳಪ್ಪ, ಸೆಂಡ್ ಒತ್ತುವ ಮುಂಚೆ.

ನಿನ್ನ ಮಾವ