ಟವೆಲಿನಲ್ಲಿ ಸುತ್ತಿ ತಂದ ಅಣ್ಣನಿಗೆ

ಹೋದ ಮಂಗಳವಾರ ಹೊಸಪೇಟೆಯಿಂದ ಬಳ್ಳಾರಿಗೆ ಬರುವ ಬಸ್ಸಿನಲ್ಲಿ ಅಪ್ಪ ಬ್ಯಾಗ್ ಮರೆತು ಇಳಿದುಬಿಟ್ಟರು. ಒಳಗಿದ್ದದ್ದು ಗಿರಾಕಿಯೊಬ್ಬರು ರಿಪೇರಿಗೆ ಕೊಟ್ಟಿದ್ದ ಕ್ಯಾಮೆರಾ, ನಿಕಾನ್ ಎಫ್‌ಎಂ2. 1982ರಲ್ಲಿ ಬಂದ ಮಾಡೆಲ್, ಬ್ಯಾಟರಿ ಇಲ್ಲದೆಯೂ ಶಟರ್ ಓಡುತ್ತದೆ. ಅಂಥದ್ದು ಇನ್ನೊಂದು ಹುಡುಕಿ ತರಬಹುದಿತ್ತು, ಆದರೆ ಇದು ಆ ಗಿರಾಕಿಯ ತೀರಿಹೋದ ತಂದೆಯದು. ಆ ರಾತ್ರಿ ಅಪ್ಪ ಉಣ್ಣಲಿಲ್ಲ.

ಮರುದಿನ ಅಂಗಡಿ ತೆರೆಯುವ ಮೊದಲೇ ನೀವು ಮೆಟ್ಟಿಲ ಮೇಲೆ ಕೂತಿದ್ದಿರಿ. ರಸೀದಿಯ ವಿಳಾಸ ನೋಡಿ ಬಂದಿರಂತೆ. ನಮ್ಮೂರ ಧೂಳು ತಾಗಬಾರದೆಂದು ಕ್ಯಾಮೆರಾವನ್ನು ಒಗೆದ ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿದ್ದಿರಿ. ಅಪ್ಪ ಲಿವರ್ ಎಳೆದು ಬಟನ್ ಒತ್ತಿದರು. ‘ಚಟ್’ ಎಂದ ಸದ್ದಿಗೆ ಅವರ ಕಣ್ಣು ತುಂಬಿತು. ಚಹಾ ತರಿಸುವಷ್ಟರಲ್ಲಿ ಹೆಸರೂ ಹೇಳದೆ ಹೊರಟುಬಿಟ್ಟಿರಿ. ನಮ್ಮ ಮನೆಯವರೆಲ್ಲರ ಕೃತಜ್ಞತೆ ನಿಮಗೆ. ಅಣ್ಣಾ, ಒಮ್ಮೆ ಬನ್ನಿ. ನಿಮ್ಮ ಟವೆಲ್ ಒಗೆದು ಇಟ್ಟಿದ್ದೇವೆ.