ಈಡಿಪಸ್ ಕನ್ನಡದಲ್ಲೂ ಇದ್ದಾನೆ

ಮಾನ್ಯ ಸಂಪಾದಕರೇ,

ಸಕಲೇಶಪುರದ ಹತ್ತಿರ ನಮ್ಮದು 4 ಎಕರೆ ಕಾಫಿ ತೋಟ. 52ನೇ ವಯಸ್ಸಿನಲ್ಲಿ ಆನ್‌ಲೈನ್‌ನಲ್ಲಿ ಎಂ.ಎ. ಕಟ್ಟಿದ್ದೇನೆ. ಈ ಸಲ ವಿಶ್ವಸಾಹಿತ್ಯ. ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಕೊಡೆ ಹಿಡಿದು ನಿಂತೇ ಪಾಠ ಕೇಳುತ್ತೇನೆ.

ಮೊನ್ನೆ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಈಡಿಪಸ್ ನಾಟಕ. ಸುಮಾರು 2,400 ವರ್ಷ ಹಳೆಯದು. ಊರಿಗೆ ಬಂದ ಪಿಡುಗಿಗೆ ಕಾರಣ ಯಾರು ಅಂತ ಹುಡುಕಿಕೊಂಡು ಹೊರಟ ರಾಜನಿಗೆ ಕೊನೆಗೆ ಸಿಗುವುದು ತಾನೇ: ಗೊತ್ತಿಲ್ಲದೆ ತಂದೆಯನ್ನು ಕೊಂದು ತಾಯಿಯನ್ನೇ ಮದುವೆಯಾಗಿರುತ್ತಾನೆ. ಹೀಗಾಗುತ್ತದೆ ಅಂತ ಭವಿಷ್ಯವಾಣಿ ಇದ್ದದ್ದರಿಂದ ಹುಟ್ಟಿದಾಗಲೇ ಅವನನ್ನು ಸಾಯಿಸಲು ಒಬ್ಬ ಕುರಿ ಕಾಯುವವನ ಕೈಗೆ ಕೊಟ್ಟಿದ್ದರು, ಅವನು ಕನಿಕರದಿಂದ ಉಳಿಸಿದ್ದ. ಹಲಸಿನ ಬೀಜ ಸುಲಿಯುತ್ತಿದ್ದ ಅತ್ತೆಗೆ ಕಥೆ ಹೇಳಿದೆ. "ಆ ಕುರಿ ಕಾಯೋನು ಮಗೂನ ಸಾಯಿಸದೆ ಉಳಿಸಿದ್ದೇ ತಪ್ಪಾಯ್ತಾ?" ಅಂದರು. ವಿಡಿಯೋ ಪಾಠದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಬಂದಿರಲಿಲ್ಲ.

ನನ್ನ ತಕರಾರು ಇಷ್ಟೇ. ಓದಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಕನ್ನಡದ್ದು ಒಂದೂ ಇಲ್ಲ. ಈಡಿಪಸ್‌ನನ್ನು ಪಿ. ಲಂಕೇಶ್ ಕನ್ನಡಕ್ಕೆ ತಂದಿದ್ದಾರೆ. ಸೊಫೊಕ್ಲಿಸ್‌ನದೇ ಏಜಾಕ್ಸ್ ನಾಟಕವನ್ನು ಬಿ.ಎಂ.ಶ್ರೀ ಮಹಾಭಾರತಕ್ಕೆ ಒಗ್ಗಿಸಿ 'ಅಶ್ವತ್ಥಾಮನ್' ಬರೆದರು. ಇಂಗ್ಲಿಷ್‌ನಲ್ಲಿ ತಿಣುಕುವ ನಮ್ಮಂಥವರಿಗೆ ಇವನ್ನೂ ಓದಲು ಹೇಳಬಹುದಲ್ವಾ? ಇಂಗ್ಲಿಷಿನದೂ ಅನುವಾದವೇ ತಾನೇ!

ತಾಲ್ಲೂಕು ಗ್ರಂಥಾಲಯಗಳೂ ಎರಡೆರಡು ಪ್ರತಿ ತರಿಸಿಡಲಿ. ಪರೀಕ್ಷೆ ಮುಂದಿನ ತಿಂಗಳಿದೆ, ಸ್ವಲ್ಪ ಬೇಗ ಬಂದರೆ ನನಗೂ ಅನುಕೂಲ.

– ಒಬ್ಬ ವಿದ್ಯಾರ್ಥಿನಿ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ