ಟೂಸಾನ್ ಮಳೆಗಾಲಕ್ಕೆ ಮುನ್ನ: ಇಂಗುಗುಂಡಿಗಳ ಕುರಿತು

ಮಾನ್ಯ ಸದಸ್ಯರಿಗೆ ನಮಸ್ಕಾರ.

ಅರಿಜೋನಾದ ಮಳೆಗಾಲದ ಅವಧಿ ಜೂನ್ 15ಕ್ಕೆ ಆರಂಭವಾಗುವುದರಿಂದ, ಅಂಗಳದ ಇಂಗುಗುಂಡಿಗಳನ್ನು ಅದಕ್ಕೆ ಮುನ್ನವೇ ಸಿದ್ಧಪಡಿಸಿಕೊಳ್ಳಬೇಕೆಂದು ವಿನಂತಿ. ನಮ್ಮ ಟೂಸಾನ್ ನಗರಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು 270 ಮಿಲಿಮೀಟರ್ ಮಾತ್ರ; ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಕೆಲವೇ ವಾರಗಳಲ್ಲಿ ರಭಸವಾಗಿ ಸುರಿದು, ಬೀದಿಯಲ್ಲಿ ಹರಿದುಹೋಗುತ್ತದೆ. ಇತ್ತ ನಾವು ಕುಡಿಯುವ ಕೊಲೊರಾಡೋ ನದಿಯ ನೀರನ್ನು ಸುಮಾರು 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ, ಪಂಪುಗಳಿಂದ ಮೇಲೆತ್ತಿ ತರಲಾಗುತ್ತಿದೆ. ಅಂಥ ನೀರನ್ನು ಗಿಡಗಳಿಗೆ ಸುರಿಯುವುದು ನನಗೆ ಸರಿಯೆನಿಸುವುದಿಲ್ಲ.

ನೂರು ಚದರ ಮೀಟರ್ ಚಾವಣಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್ ನೀರಾಗುತ್ತದೆ. ಅದು ಇಂಗಲು ಮುಕ್ಕಾಲು ಅಡಿ ಆಳದ, ಮರದ ಚಕ್ಕೆ ಹೊದಿಸಿದ ಅಗಲವಾದ ಗುಂಡಿಗಳು ಸಾಕು. ಆದರೆ ಅವು ಮನೆಯ ಅಡಿಪಾಯದಿಂದ ಹತ್ತು ಅಡಿಯಾದರೂ ದೂರವಿರಬೇಕು, ನೀರು ಒಂದು ದಿನದೊಳಗೆ ಇಂಗಬೇಕು, ಇಲ್ಲವಾದರೆ ಸೊಳ್ಳೆಗಳು ಹೆಚ್ಚುತ್ತವೆ. ನೆರಳಿಗೆ ಮೆಸ್ಕೀಟ್ ಮರ ನೆಡಿ. ದಸರೆಯಲ್ಲಿ ನಾವು ಪೂಜಿಸುವ ಬನ್ನಿಯ ಬಂಧುವಾದ ಈ ಮರ ಇಲ್ಲಿಯದೇ ಆಗಿದ್ದು, ಒಮ್ಮೆ ಬೇರೂರಿದರೆ ಮಳೆಯ ನೀರಿನಿಂದಲೇ ಬದುಕುತ್ತದೆ.

ಬೀದಿಯ ನೀರನ್ನು ಗುಂಡಿಗೆ ತಿರುಗಿಸಲು ರಸ್ತೆಯಂಚಿನ ಕಾಂಕ್ರೀಟ್ ಕಟ್ಟೆಯನ್ನು ಕತ್ತರಿಸಬೇಕಾಗುತ್ತದೆ. ಅದಕ್ಕೆ ನಗರಾಡಳಿತದ ಅನುಮತಿ ಕಡ್ಡಾಯ. ಮನೆಗಳ ಮಳೆನೀರು ಸಂಗ್ರಹಕ್ಕಾಗಿ 2012ರಲ್ಲಿ ಆರಂಭವಾದ ಸಹಾಯಧನದ ಈಗಿನ ನಿಯಮಗಳನ್ನು, ಖರ್ಚು ಮಾಡುವ ಮೊದಲೇ, ನಗರದ ನೀರು ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಗುಂಡಿ ತೋಡಲು ನೆರವು ಬೇಕಾದವರು ದಯವಿಟ್ಟು ಈ ಗುಂಪಿನಲ್ಲೇ ತಿಳಿಸಿ.